ಬ್ರೌಸರ್ ತಪ್ಪು ಹೇಳುವುದಿಲ್ಲ

ವೆಬ್ ವಿನ್ಯಾಸ ಕಲಿಯಲು ಕೂತವರಿಗೆ ಮೊದಮೊದಲು ಎಲ್ಲವೂ ಸಲೀಸು. ನೋಟ್‌ಪ್ಯಾಡಿನಲ್ಲಿ ನಾಲ್ಕು ಸಾಲು ಬರೆದು, ಪುಟ ಕಟ್ಟುವ ಭಾಷೆಯಾದ ಎಚ್‌ಟಿಎಂಎಲ್ ಕಡತವಾಗಿ ಉಳಿಸಿ, ಎರಡು ಸಲ ಕ್ಲಿಕ್ ಮಾಡಿದರೆ ಪುಟ ಕಣ್ಣೆದುರು ನಿಲ್ಲುತ್ತದೆ. ಕಂಪೈಲರ್ ಬೇಡ, ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಟ್ಯಾಗ್ ಮುಚ್ಚಲು ಮರೆತರೂ ಪುಟ ಬಂದೇ ಬರುತ್ತದೆ. ಆದರೆ ಪುಟ ಸ್ವಲ್ಪ ದೊಡ್ಡದಾಗುತ್ತಿದ್ದಂತೆ ಕಥೆ ಬೇರೆ. ಎಲ್ಲೋ ಒಂದು ಖಾಲಿ ಜಾಗ, ಬರೆದರೂ ಹತ್ತದ ಬಣ್ಣ, ಮೊಬೈಲಿನಲ್ಲಿ ಪಕ್ಕಕ್ಕೆ ಜಾರುವ ಪುಟ. ಎಲ್ಲಿ ತಪ್ಪಿದೆ ಎಂದು ಯಾರೂ ಹೇಳುವುದಿಲ್ಲ. ಆಗ ಸಲೀಸೆನಿಸಿದ್ದಕ್ಕೂ ಈಗ ತಲೆಕೆಡುವುದಕ್ಕೂ ಕಾರಣ ಒಂದೇ: ಬ್ರೌಸರ್ ತಪ್ಪು ಕಂಡರೆ ನಿಲ್ಲುವುದಿಲ್ಲ, ತನ್ನ ಪಾಡಿಗೆ ಸರಿಪಡಿಸಿಕೊಂಡು ಮುಂದಕ್ಕೆ ಹೋಗುತ್ತದೆ. ಹಾಗಾಗಿ ಈ ವಿದ್ಯೆಯಲ್ಲಿ ಬರೆಯುವುದನ್ನು ಕಲಿಯುವಷ್ಟೇ ಶ್ರದ್ಧೆಯಿಂದ ನೋಡುವುದನ್ನೂ ಕಲಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಪ್ಯಾರಾಗ್ರಾಫಿನ ಪಿ ಟ್ಯಾಗ್ ತೆರೆದು, ಅದರೊಳಗೆ ಪೆಟ್ಟಿಗೆಯಂಥ ಒಂದು ಡಿವ್ ಟ್ಯಾಗ್ ಇಟ್ಟು, ಡಿವ್ ಮುಚ್ಚಿ, ಪಿ ಮುಚ್ಚಿದ್ದೀರಿ ಅನ್ನಿ. ನೋಡಲು ಅಚ್ಚುಕಟ್ಟಾಗಿದೆ, ತೆರೆದದ್ದೆಲ್ಲ ಮುಚ್ಚಿದೆ. ಆದರೆ ಪಿ ಒಳಗೆ ಡಿವ್ ಇರುವಂತಿಲ್ಲ. ಡಿವ್ ಕಂಡ ಕೂಡಲೇ ಬ್ರೌಸರ್ ಪಿಯನ್ನು ತಾನೇ ಮುಚ್ಚಿಬಿಡುತ್ತದೆ. ಡಿವ್ ಹೊರಗೆ ಬಂದು ಕೂರುತ್ತದೆ. ಕೊನೆಯಲ್ಲಿ ನೀವು ಬರೆದ ಮುಚ್ಚುವ ಪಿ ಟ್ಯಾಗಿಗೆ ಜೋಡಿ ಸಿಗುವುದಿಲ್ಲ. ಆಗ ಬ್ರೌಸರ್ ಅದಕ್ಕಾಗಿ ಇನ್ನೊಂದು ಖಾಲಿ ಪಿ ಹುಟ್ಟಿಸುತ್ತದೆ. ಒಂದರೊಳಗೊಂದು ಎಂದುಕೊಂಡದ್ದು ಒಂದರ ಕೆಳಗೊಂದು ಮೂರಾಯಿತು: ಖಾಲಿ ಪಿ, ಡಿವ್, ಮತ್ತೆ ಖಾಲಿ ಪಿ. ಪಿಗೆ ಕೊಟ್ಟ ಹಿನ್ನೆಲೆ ಬಣ್ಣ ಡಿವ್‌ಗೆ ತಾಗದು. ಆ ಪಿಗೆ ಪ್ಯಾಡಿಂಗ್ (ಒಳಗಿನ ಅಂತರ) ಬೇರೆ ಕೊಟ್ಟಿದ್ದರೆ ಮೇಲೂ ಕೆಳಗೂ ಕಾರಣವಿಲ್ಲದ ಪಟ್ಟಿಗಳು ಕಾಣುತ್ತವೆ. ಪುಟದ ರೂಪವನ್ನು ಹೇಳುವ ಸಿಎಸ್‌ಎಸ್ ಕಡತವನ್ನು ಎಷ್ಟು ತಡಕಿದರೂ ಉತ್ತರ ಸಿಗುವುದಿಲ್ಲ, ಯಾಕೆಂದರೆ ತಪ್ಪು ಅಲ್ಲಿಲ್ಲ.

ಇದನ್ನು ಹಿಡಿಯುವ ದಾರಿ ಸುಲಭ. ಕಂಟ್ರೋಲ್ ಜೊತೆ ಯು ಒತ್ತಿದರೆ ಬರುವುದು ನೀವು ಬರೆದ ಕಡತ. ಎಫ್12 ಒತ್ತಿ ಎಲಿಮೆಂಟ್ಸ್ ವಿಭಾಗ ತೆರೆದರೆ ಕಾಣುವುದು ಬ್ರೌಸರ್ ಅರ್ಥಮಾಡಿಕೊಂಡು ಕಟ್ಟಿದ ಮರ, ಅಂದರೆ ಡಾಮ್. ಇವೆರಡೂ ಒಂದೇ ಎಂದು ಕಲಿಯುವವರು ತುಂಬ ದಿನ ನಂಬಿಕೊಂಡಿರುತ್ತಾರೆ. ಪುಟ ವಿಚಿತ್ರವಾಗಿ ಕಂಡಾಗಲೆಲ್ಲ ಮೊದಲು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಬಂದರೆ ಎಷ್ಟೋ ಗಂಟೆ ಉಳಿಯುತ್ತದೆ. ವೆಬ್ಬಿನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿಯ ವ್ಯಾಲಿಡೇಟರ್‌ಗೆ ಕಡತವನ್ನು ಕೊಟ್ಟರೆ ಇಂಥ ತಪ್ಪುಗಳನ್ನು ಸಾಲಿನ ಸಂಖ್ಯೆ ಸಮೇತ ತೋರಿಸುತ್ತದೆ. ಬ್ರೌಸರ್ ಹೇಳದ್ದನ್ನು ಅದು ಹೇಳುತ್ತದೆ.

ಬ್ರೌಸರಿನ ಈ ಉದಾರತನ ಸೋಮಾರಿತನದಿಂದ ಬಂದದ್ದಲ್ಲ. ಒಂದು ತಪ್ಪಿಗೆ ಇಡೀ ಪುಟವನ್ನೇ ತಡೆಹಿಡಿಯುವ ಮಾದರಿಯನ್ನೂ ವೆಬ್ ಪರೀಕ್ಷಿಸಿ ನೋಡಿದೆ. 2000ದಲ್ಲಿ ಬಂದ ಎಕ್ಸ್‌ಎಚ್‌ಟಿಎಂಎಲ್ ಪುಟವನ್ನು ಕಟ್ಟುನಿಟ್ಟಿನ ಎಕ್ಸ್‌ಎಂಎಲ್ ಎಂದೇ ಕಳಿಸಿದರೆ, ಒಂದು ಟ್ಯಾಗ್ ಮುಚ್ಚದಿದ್ದರೂ ಓದುಗನಿಗೆ ಸಿಗುತ್ತಿದ್ದದ್ದು ದೋಷದ ಸಂದೇಶ. ತಪ್ಪು ಬರೆದವನದು, ಶಿಕ್ಷೆ ಓದುವವನಿಗೆ. 2009ರಲ್ಲಿ ಎಕ್ಸ್‌ಎಚ್‌ಟಿಎಂಎಲ್ 2ರ ಕೆಲಸವನ್ನು ಕೈಬಿಡುವ ನಿರ್ಧಾರವಾಯಿತು. ಎಚ್‌ಟಿಎಂಎಲ್5 ಬೇರೆ ದಾರಿ ಹಿಡಿದು, ತಪ್ಪನ್ನು ಹೇಗೆ ಸರಿಪಡಿಸಿಕೊಳ್ಳಬೇಕು ಎಂಬುದನ್ನೇ ನಿಯಮವಾಗಿ ಬರೆಯಿತು. ಮೇಲಿನ ಪಿ ಮತ್ತು ಡಿವ್ ಕಥೆ ಎಲ್ಲ ಬ್ರೌಸರುಗಳಲ್ಲೂ ಒಂದೇ ಥರ ನಡೆಯುವುದು ಅದರಿಂದಲೇ.

ಸಿಎಸ್‌ಎಸ್‌ನ ಮೌನ ಇದಕ್ಕಿಂತ ಗಾಢ. ಅರ್ಥವಾಗದ ಸಾಲನ್ನು ಬಿಟ್ಟು ಮುಂದಿನದಕ್ಕೆ ಹೋಗು, ಇದೇ ಅಲ್ಲಿನ ಮೂಲ ನಿಯಮ. ಕಲರ್ ಪದವನ್ನು ಶಾಲೆಯಲ್ಲಿ ಕಲಿತ ಬ್ರಿಟಿಷ್ ಕಾಗುಣಿತದಲ್ಲಿ ಬರೆದರೆ ಆ ಸಾಲು ಹೋಯಿತು. ಮಾರ್ಜಿನ್ (ಹೊರಗಿನ ಅಂತರ) 20 ಎಂದಷ್ಟೇ ಬರೆದು ಪಿಕ್ಸೆಲ್ (ಪಿಎಕ್ಸ್) ಹಾಕದಿದ್ದರೆ ಹೋಯಿತು. ಸೊನ್ನೆಗೆ ಮಾತ್ರ ಅಳತೆ ಬೇಡ. 20ಕ್ಕೂ ಪಿಎಕ್ಸ್‌ಗೂ ನಡುವೆ ಜಾಗ ಬಿಟ್ಟರೂ ಹೋಯಿತು. ಲೆಕ್ಕ ಮಾಡುವ ಕ್ಯಾಲ್ಕ್ ಒಳಗೆ 100 ಶೇಕಡಾದಿಂದ 20 ಪಿಕ್ಸೆಲ್ ಕಳೆಯುವಾಗ ಮೈನಸ್ ಚಿಹ್ನೆಯ ಎರಡೂ ಬದಿ ಜಾಗ ಇರಲೇಬೇಕು, ಇಲ್ಲದಿದ್ದರೆ ಅದೂ ಲೆಕ್ಕಕ್ಕಿಲ್ಲ. ಒಂದು ಸಾಲಿನ ಕೊನೆಗೆ ಸೆಮಿಕೋಲನ್ ಬಿಟ್ಟರೆ ಮುಂದಿನ ಸಾಲೂ ಅದಕ್ಕೇ ಅಂಟಿಕೊಂಡು ಎರಡೂ ಸಾಯುತ್ತವೆ. ಹೊಸಬರು ಸಾಮಾನ್ಯವಾಗಿ ಎರಡನೆಯ ಸಾಲನ್ನೇ ತಿರುಗಿಸಿ ತಿರುಗಿಸಿ ಬರೆಯುತ್ತಿರುತ್ತಾರೆ. ಮುಚ್ಚುವ ಪುಷ್ಪಾವರಣ ಬಿಟ್ಟುಹೋದರೆ ಇನ್ನೂ ಮೋಸ. 2023ರಿಂದ ಬ್ರೌಸರುಗಳು ಒಂದು ನಿಯಮದೊಳಗೆ ಇನ್ನೊಂದನ್ನು ಒಪ್ಪುವುದರಿಂದ, ಹೆಡರ್‌ನ ನಿಯಮ ಮುಚ್ಚದೆ ಕೆಳಗೆ ಕಾರ್ಡ್‌ನ ನಿಯಮ ಬರೆದರೆ ಅದು "ಹೆಡರ್ ಒಳಗಿನ ಕಾರ್ಡ್" ಎಂದಾಗುತ್ತದೆ. ನಿಯಮ ಸರಿಯಾಗಿಯೇ ಇದೆ, ಪುಟದಲ್ಲಿ ಮಾತ್ರ ಕೆಲಸ ಮಾಡದು.

ಈ ಮೌನಕ್ಕೂ ಒಂದು ಉಪಕಾರವಿದೆ. ಹಳೆಯ ಬ್ರೌಸರ್ ತನಗೆ ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗುವುದರಿಂದಲೇ ಹೊಸ ಸೌಲಭ್ಯಗಳನ್ನು ಸೇರಿಸಲು ಸಾಧ್ಯವಾಯಿತು. 2017ರಲ್ಲಿ ಅಡ್ಡ, ಉದ್ದ ಸಾಲುಗಳಲ್ಲಿ ಜೋಡಿಸುವ ಗ್ರಿಡ್ ಬಂದಾಗ ಅದು ತಿಳಿಯದ ಬ್ರೌಸರುಗಳಲ್ಲಿ ಪುಟ ಒಡೆಯಲಿಲ್ಲ, ಎಲ್ಲವೂ ಒಂದರ ಕೆಳಗೊಂದು ಬಂದವು, ಅಷ್ಟೇ.

ಸಿಎಸ್‌ಎಸ್‌ನ ತೊಂದರೆ ಹುಡುಕುವಾಗ ಊಹೆ ಮಾಡಬೇಡಿ. ಆ ಭಾಗದ ಮೇಲೆ ಬಲಗಡೆ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಕೊಟ್ಟು, ಸ್ಟೈಲ್ಸ್ ಪಟ್ಟಿಯನ್ನು ಓದಿ. ನಿಮ್ಮ ಸಾಲಿನ ಮೇಲೆ ಬರೀ ಗೀಟು ಇದ್ದರೆ ಬೇರೊಂದು ನಿಯಮ ಅದನ್ನು ಸೋಲಿಸಿದೆ. ಗೀಟಿನ ಜೊತೆ ಹಳದಿ ಎಚ್ಚರಿಕೆಯ ಗುರುತೂ ಇದ್ದರೆ ಬ್ರೌಸರಿಗೆ ಆ ಸಾಲು ಅರ್ಥವೇ ಆಗಿಲ್ಲ, ಕಾಗುಣಿತ ನೋಡಿ. ಸಾಲು ಮಸುಕಾಗಿದ್ದು ಪಕ್ಕದಲ್ಲಿ ಮಾಹಿತಿಯ ಗುರುತಿದ್ದರೆ ಅರ್ಥವಾಗಿದೆ, ಆದರೆ ಇಲ್ಲಿ ಅದಕ್ಕೆ ಕೆಲಸವಿಲ್ಲ. ಸಾಲಿನೊಳಗೆ ಹರಿಯುವ ಸ್ಪ್ಯಾನ್‌ಗೆ ಅಗಲ ಕೊಟ್ಟಾಗ ಹೀಗಾಗುತ್ತದೆ. ನಿಮ್ಮ ನಿಯಮ ಪಟ್ಟಿಯಲ್ಲೇ ಇಲ್ಲವೆಂದರೆ ಯಾವ ಭಾಗಕ್ಕೆ ಎಂದು ಹೇಳುವ ಸೆಲೆಕ್ಟರ್ ತಪ್ಪಿದೆ ಅಥವಾ ಕಡತವೇ ಬಂದಿಲ್ಲ. ರೋಗ ನಾಲ್ಕು, ಮದ್ದೂ ನಾಲ್ಕು. ಯಾವುದೆಂದು ನೋಡದೆ ಇಂಪಾರ್ಟೆಂಟ್ ಜೋಡಿಸುವುದರಿಂದ ಮೊದಲನೆಯದಷ್ಟೇ ಮುಚ್ಚಿಹೋಗುತ್ತದೆ, ಅದೂ ತಾತ್ಕಾಲಿಕವಾಗಿ. ಮುಂದೆ ಅದನ್ನು ಸೋಲಿಸಲು ಇನ್ನೊಂದು ಇಂಪಾರ್ಟೆಂಟ್ ಬೇಕಾಗುತ್ತದೆ. ಯಾವ ನಿಯಮ ಗೆಲ್ಲುತ್ತದೆ ಎಂಬುದಕ್ಕೆ ಲೆಕ್ಕವಿದೆ: ಒಂದು ಐಡಿ ಎಷ್ಟೇ ಕ್ಲಾಸುಗಳಿರಲಿ ಅವನ್ನು ಸೋಲಿಸುತ್ತದೆ, ಒಂದು ಕ್ಲಾಸ್ ಎಷ್ಟೇ ಟ್ಯಾಗ್ ಹೆಸರುಗಳಿರಲಿ ಅವನ್ನು ಸೋಲಿಸುತ್ತದೆ, ಸಮಬಲವಾದರೆ ಕೊನೆಗೆ ಬಂದದ್ದು ಗೆಲ್ಲುತ್ತದೆ. ಸ್ಟೈಲಿಗೆ ಕ್ಲಾಸುಗಳನ್ನು ಮಾತ್ರ ಬಳಸಿದರೆ ಈ ಜಗಳದ ಬಹುಪಾಲು ಹುಟ್ಟುವುದೇ ಇಲ್ಲ.

ಅಳತೆಯ ವಿಷಯಕ್ಕೆ ಬರೋಣ. ಪೆಟ್ಟಿಗೆಗೆ 300 ಪಿಕ್ಸೆಲ್ ಅಗಲ, ಸುತ್ತಲೂ 20ರ ಪ್ಯಾಡಿಂಗ್, 1ರ ಬಾರ್ಡರ್ ಕೊಟ್ಟರೆ ಪರದೆಯ ಮೇಲೆ ಅದು ಹಿಡಿಯುವುದು 342. ಮೂಲ ಲೆಕ್ಕದಲ್ಲಿ ಅಗಲ ಎಂದರೆ ಒಳಗಿನ ವಿಷಯದ ಅಗಲ ಮಾತ್ರ. 960ರ ಜಾಗದಲ್ಲಿ ಇಂಥ ಮೂರು ಇಟ್ಟರೆ 1026 ಆಗಿ ಮೂರನೆಯದು ಕೆಳಕ್ಕೆ ಬೀಳುತ್ತದೆ. ಕಡತದ ಮೊದಲಿಗೇ ಎಲ್ಲದಕ್ಕೂ ಬಾಕ್ಸ್-ಸೈಜಿಂಗ್ ಅನ್ನು ಬಾರ್ಡರ್-ಬಾಕ್ಸ್ ಮಾಡಿಬಿಟ್ಟರೆ 300 ಅಂದರೆ 300ಯೇ. ಮಾರ್ಜಿನ್‌ದು ಬೇರೆಯೇ ಸ್ವಭಾವ. ಮೇಲಿನ ಪ್ಯಾರಾದ ಕೆಳಗೆ 30, ಕೆಳಗಿನದರ ಮೇಲೆ 20 ಕೊಟ್ಟರೆ ನಡುವೆ ಬರುವುದು 50 ಅಲ್ಲ, 30. ಎರಡೂ ಕೂಡಿಕೊಂಡು ದೊಡ್ಡದಷ್ಟೇ ಉಳಿಯುತ್ತದೆ. ಆದರೆ ಅವುಗಳ ತಾಯಿ ಪೆಟ್ಟಿಗೆಯನ್ನು ಫ್ಲೆಕ್ಸ್ ಕಾಲಮ್ (ಒಳಗಿನವನ್ನು ಕಂಬವಾಗಿ ಜೋಡಿಸುವ ವಿಧಾನ) ಮಾಡಿದ ಕ್ಷಣ ಈ ಕೂಡಿಕೆ ನಿಂತು 50 ಆಗುತ್ತದೆ. ಅಂತರ ಇದ್ದಕ್ಕಿದ್ದಂತೆ ಹಿಗ್ಗಿತು ಎಂದು ಗಾಬರಿಯಾಗುವುದು ಇಲ್ಲೇ. ಫ್ಲೆಕ್ಸ್, ಗ್ರಿಡ್ ಇರುವ ಕಡೆ ಮಾರ್ಜಿನ್ ಬಿಟ್ಟು ಗ್ಯಾಪ್ ಬಳಸುವುದು ವಾಸಿ.

ಪಕ್ಕಕ್ಕೆ ಜಾರುವ ಪುಟದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಇದಕ್ಕೆ ಸಿಗುವ ಸಲಹೆಗಳಲ್ಲಿ ಬಹಳಷ್ಟು ಕೆಟ್ಟವು. ಬಾಡಿ ಟ್ಯಾಗಿಗೆ ಓವರ್‌ಫ್ಲೋ-ಎಕ್ಸ್ ಹಿಡನ್ ಹಾಕಿ ಎನ್ನುತ್ತಾರೆ. ಜಾರುವುದು ನಿಲ್ಲುತ್ತದೆ, ಹೊರಗೆ ಚಾಚಿದ್ದ ವಿಷಯ ಕತ್ತರಿಸಿಹೋಗುತ್ತದೆ. ಮೊದಲು ಕಳ್ಳ ಯಾರು ಎಂದು ಹಿಡಿಯಿರಿ. ಪುಟದ ಎಲ್ಲ ಅಂಶಗಳಿಗೂ 1 ಪಿಕ್ಸೆಲಿನ ಕೆಂಪು ಔಟ್‌ಲೈನ್ ಕೊಡಿ. ಬಾರ್ಡರ್ ಕೊಡಬೇಡಿ, ಅದು ಅಳತೆಗೆ ಸೇರಿ ವಿನ್ಯಾಸವನ್ನೇ ಬದಲಿಸಬಹುದು. ಔಟ್‌ಲೈನ್ ಜಾಗ ತೆಗೆದುಕೊಳ್ಳುವುದಿಲ್ಲ. ಯಾವ ಕೆಂಪು ಚೌಕ ಪರದೆಯ ಆಚೆ ಹೋಗಿದೆಯೋ ಅದೇ. ಹೆಚ್ಚಾಗಿ ಸಿಗುವುದು ಗಟ್ಟಿ ಅಗಲ ಕೊಟ್ಟ ಚಿತ್ರ, ಅಥವಾ ಎಲ್ಲೂ ಮುರಿಯದ ಉದ್ದನೆಯ ಕೊಂಡಿಯನ್ನು ಹೊತ್ತ ಫ್ಲೆಕ್ಸ್ ಮಗು. ಚಿತ್ರಕ್ಕೆ ಗರಿಷ್ಠ ಅಗಲ 100 ಶೇಕಡಾ, ಎತ್ತರ ಆಟೋ. ಎರಡನೆಯದಕ್ಕೆ ಕಾರಣ ತಿಳಿದಿರಬೇಕು: ಫ್ಲೆಕ್ಸ್ ಮಕ್ಕಳ ಕನಿಷ್ಠ ಅಗಲ ಸೊನ್ನೆಯಲ್ಲ, ಆಟೋ. ಒಳಗಿನ ಮುರಿಯದ ಪದಕ್ಕಿಂತ ಕಿರಿದಾಗಲು ಅವು ಒಪ್ಪವು. ಮಿನ್-ವಿಡ್ತ್ ಸೊನ್ನೆ ಮಾಡಿ, ಓವರ್‌ಫ್ಲೋ-ರ್‍ಯಾಪ್‌ಗೆ ಎನಿವೇರ್ ಕೊಟ್ಟರೆ ದಾರಿಗೆ ಬರುತ್ತದೆ. ಕೊನೆಗೆ ಪರದೆಯನ್ನು 320 ಪಿಕ್ಸೆಲಿಗೆ ಕಿರಿದಾಗಿಸಿ ನೋಡಿ. ಅಲ್ಲಿ ನಿಂತರೆ ಉಳಿದ ಕಡೆ ಸಾಮಾನ್ಯವಾಗಿ ನಿಲ್ಲುತ್ತದೆ. ಇಷ್ಟಕ್ಕೂ ಮೊದಲು ಹೆಡ್‌ನಲ್ಲಿ ವ್ಯೂಪೋರ್ಟ್ ಮೆಟಾ ಟ್ಯಾಗ್ ಇದೆಯೇ ಎಂದು ಖಾತ್ರಿಮಾಡಿಕೊಳ್ಳಿ. ಅದಿಲ್ಲದಿದ್ದರೆ ಮೊಬೈಲ್ ಬ್ರೌಸರ್ ತನ್ನ ಪರದೆ ಸುಮಾರು 980 ಪಿಕ್ಸೆಲ್ ಅಗಲ ಎಂದು ಲೆಕ್ಕಹಾಕಿ ಎಲ್ಲವನ್ನೂ ಕುಗ್ಗಿಸಿ ತೋರಿಸುತ್ತದೆ. ಸಣ್ಣ ಪರದೆಗೆಂದು ನೀವು ಬರೆದ ಮೀಡಿಯಾ ಕ್ವೆರಿಗಳು (ಪರದೆಯ ಅಗಲ ನೋಡಿ ಓಡುವ ನಿಯಮಗಳು) ಓಡುವುದಿಲ್ಲ.

ಯಾವುದು ಮೇಲೆ ಬರಬೇಕೆಂದು ಹೇಳುವ ಜೆಡ್-ಇಂಡೆಕ್ಸ್ 9999 ಕೊಟ್ಟರೂ ಮೇಲೆ ಬರದ ಮೆನುವಿನದೂ ಇದೇ ಜಾತಿಯ ತೊಂದರೆ. ಅದರ ತಾಯಿಗೆ ಟ್ರಾನ್ಸ್‌ಫಾರ್ಮ್ ಇದ್ದರೆ, ಅಥವಾ ಒಪಾಸಿಟಿ 1ಕ್ಕಿಂತ ಕಡಿಮೆ ಇದ್ದರೆ, ಅಲ್ಲೊಂದು ಪ್ರತ್ಯೇಕ ಪದರದ ಗುಂಪು ಹುಟ್ಟುತ್ತದೆ. ಒಳಗಿನ ಸಂಖ್ಯೆ ಆ ಗುಂಪಿನೊಳಗೆ ಮಾತ್ರ ನಡೆಯುತ್ತದೆ. ಸಂಖ್ಯೆ ಏರಿಸುತ್ತ ಹೋಗಬೇಡಿ, ತಾಯಿಯನ್ನು ನೋಡಿ.

ವಿನ್ಯಾಸ ಎಂದರೆ ಬಣ್ಣ, ಅನಿಮೇಶನ್ ಎಂದುಕೊಂಡು ಬರುವವರಿಗೆ ನಾನು ಹೇಳುವುದು: ಪುಟದ ಹೆಚ್ಚಿನ ಪಾಲು ಅಕ್ಷರ. ಅಕ್ಷರ ಓದಲು ಹಿತವಾಗಿದ್ದರೆ ಅರ್ಧ ವಿನ್ಯಾಸ ಮುಗಿದಂತೆ. ಬ್ರೌಸರಿನ ಮೂಲ ಗಾತ್ರ 16 ಪಿಕ್ಸೆಲ್, ಅದಕ್ಕಿಂತ ಕೆಳಗಿಳಿಸಲು ಸಾಮಾನ್ಯವಾಗಿ ಕಾರಣವಿಲ್ಲ. ಬಿಳಿಯ ಮೇಲೆ ನವಿರಾದ ಬೂದು ಬಣ್ಣ ವಿನ್ಯಾಸಕಾರರ ಮೋಹ. ಆದರೆ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಬಣ್ಣಗಳ ವೈದೃಶ್ಯ ಕನಿಷ್ಠ 4.5ಕ್ಕೆ 1 ಇರಬೇಕು ಎನ್ನುತ್ತದೆ ಪುಟ ಎಲ್ಲರಿಗೂ ಬಳಸಲು ಬರಬೇಕೆಂದು ಮಾಡಿದ ಡಬ್ಲ್ಯುಸಿಎಜಿ ಮಾರ್ಗಸೂಚಿ. ಹ್ಯಾಶ್ 999 ಎಂಬ ಬೂದು 3ನ್ನೂ ಮುಟ್ಟುವುದಿಲ್ಲ, ಹ್ಯಾಶ್ 777 ಕೂದಲೆಳೆಯಲ್ಲಿ ಸೋಲುತ್ತದೆ, ಹ್ಯಾಶ್ 767676 ಪಾಸಾಗುತ್ತದೆ. ಬ್ರೌಸರಿನ ಬಣ್ಣ ಆರಿಸುವ ಪೆಟ್ಟಿಗೆಯಲ್ಲೇ ಈ ಸಂಖ್ಯೆ ಕಾಣುವುದರಿಂದ ಕಣ್ಣಂದಾಜಿನ ಅಗತ್ಯವಿಲ್ಲ.

ಕನ್ನಡದ ಪುಟ ಕಟ್ಟುವವರು ಇನ್ನೂ ಕೆಲವನ್ನು ಗಮನಿಸಬೇಕು. ಇಂಗ್ಲಿಷಿಗೆಂದು ಮಾಡಿದ ಟೆಂಪ್ಲೇಟುಗಳಲ್ಲಿ ಲೈನ್-ಹೈಟ್ 1.2 ಇದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಬಹುದು, 1.6ರಿಂದ 1.8 ಕೊಟ್ಟರೆ ಉಸಿರಾಡುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಇಲ್ಲದ ಕಾರಣ ಅಪ್ಪರ್‌ಕೇಸ್ ಮಾಡಿ ಎದ್ದು ಕಾಣಿಸಿದ ಶೀರ್ಷಿಕೆಗಳು ಕನ್ನಡಕ್ಕೆ ಬಂದಾಗ ಸಪ್ಪೆಯಾಗುತ್ತವೆ, ಅಲ್ಲಿ ದಪ್ಪ ಅಥವಾ ಗಾತ್ರ ಬದಲಿಸಬೇಕು. ಸಾಲಿನ ಉದ್ದವನ್ನು 65 ಸಿಎಚ್ ಎಂದು ಕೊಟ್ಟರೆ ಆ ಸಿಎಚ್ ಸೊನ್ನೆ ಅಂಕಿಯ ಅಗಲ, ಕನ್ನಡದ ಅಕ್ಷರದ್ದಲ್ಲ. ಎಚ್‌ಟಿಎಂಎಲ್ ಟ್ಯಾಗಿನ ಭಾಷೆಯ ಜಾಗದಲ್ಲಿ ಕೆಎನ್ ಎಂದು ಬರೆದರೆ ಪರದೆ ಓದುವ ತಂತ್ರಾಂಶ ಸರಿಯಾದ ಧ್ವನಿ ಆರಿಸಿಕೊಳ್ಳಲು ಅನುಕೂಲ. ಫಾರಂಗಳಲ್ಲಿ ಇನ್ನೊಂದು ಗುಂಡಿ ಇದೆ: "ಸ್ತ್ರೀ" ನಮಗೆ ಒಂದು ಅಕ್ಷರ, ಪುಟಕ್ಕೆ ಚಲನೆ ಕೊಡುವ ಭಾಷೆಯಾದ ಜಾವಾಸ್ಕ್ರಿಪ್ಟ್ ಲೆಕ್ಕದಲ್ಲಿ ಉದ್ದ 6, ಯುಟಿಎಫ್-8ರಲ್ಲಿ 18 ಬೈಟ್. ಹೆಸರಿನ ಜಾಗಕ್ಕೆ ಗರಿಷ್ಠ 20 ಎಂದು ಮಿತಿ ಹಾಕಿದರೆ ಕನ್ನಡದ ಪೂರ್ತಿ ಹೆಸರು ಎಷ್ಟೋ ಸಲ ಹಿಡಿಸುವುದೇ ಇಲ್ಲ.

ಫಾರಂ ವಿಷಯ ಬಂದಿದ್ದರಿಂದ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಇನ್‌ಪುಟ್‌ಗೆ ನೇಮ್ ಕೊಡದಿದ್ದರೆ ಫಾರಂ ಕಳಿಸಿದಾಗ ಆ ಮೌಲ್ಯ ಹೋಗುವುದೇ ಇಲ್ಲ. ಐಡಿ ಇದ್ದರೆ ಸಾಲದು. ಫಾರಂ ಒಳಗಿನ ಬಟನ್‌ಗೆ ಟೈಪ್ ಬರೆಯದಿದ್ದರೆ ಅದು ಸಬ್‌ಮಿಟ್ ಆಗಿರುತ್ತದೆ, ಒತ್ತಿದ ಕೂಡಲೇ ಪುಟ ಮತ್ತೆ ಲೋಡ್ ಆಗಿ ತುಂಬಿದ್ದೆಲ್ಲ ಮಾಯ. ಪ್ಲೇಸ್‌ಹೋಲ್ಡರ್ ಇದ್ದರೆ ಲೇಬಲ್ ಬೇಡ ಎನ್ನುವುದು ತಪ್ಪು. ಟೈಪ್ ಮಾಡಲು ತೊಡಗಿದರೆ ಪ್ಲೇಸ್‌ಹೋಲ್ಡರ್ ಮರೆಯಾಗುತ್ತದೆ, ಆಮೇಲೆ ಆ ಜಾಗಕ್ಕೆ ಏನು ಬರೆಯಬೇಕಿತ್ತು ಎಂದು ತಿಳಿಯುವುದಿಲ್ಲ. ಡಿವ್‌ಗೆ ಕ್ಲಿಕ್ ಜೋಡಿಸಿ ಬಟನ್‌ನಂತೆ ಕಾಣಿಸುವವರು ಒಮ್ಮೆ ಮೌಸ್ ಪಕ್ಕಕ್ಕಿಟ್ಟು ಟ್ಯಾಬ್ ಕೀಲಿಯಿಂದಲೇ ಪುಟ ಬಳಸಿ ನೋಡಲಿ. ಡಿವ್ ಹತ್ತಿರ ಟ್ಯಾಬ್ ನಿಲ್ಲುವುದೇ ಇಲ್ಲ. ಮೌಸ್ ಹಿಡಿಯಲಾಗದವರಿಗೆ ಆ ಬಟನ್ ಇಲ್ಲವೇ ಇಲ್ಲ. ಬಟನ್ ಟ್ಯಾಗ್ ಬಳಸಿದರೆ ಟ್ಯಾಬ್, ಎಂಟರ್, ಸ್ಪೇಸ್ ಎಲ್ಲ ಬಿಟ್ಟಿ ಸಿಗುತ್ತವೆ.

ಜಾವಾಸ್ಕ್ರಿಪ್ಟ್ ಮಾತ್ರ ತಪ್ಪಾದರೆ ಕೂಗುತ್ತದೆ, ಆದರೆ ಕೂಗುವುದು ಎಫ್12 ಒತ್ತಿದಾಗ ಸಿಗುವ ಕನ್ಸೋಲ್ ವಿಭಾಗದಲ್ಲಿ. ಕನ್ಸೋಲ್ ತೆರೆಯದವರಿಗೆ ಅದೂ ಮೂಕವೇ. ಹೆಚ್ಚಿನವರಿಗೆ ಮೊದಲು ಎದುರಾಗುವ ದೋಷ "ನಲ್" ಕುರಿತದ್ದು. ಸ್ಕ್ರಿಪ್ಟನ್ನು ಹೆಡ್‌ನಲ್ಲಿ ಇಟ್ಟಿರುತ್ತಾರೆ. ಅದು ಓಡುವ ಹೊತ್ತಿಗೆ ಕೆಳಗಿನ ಬಟನ್ ಇನ್ನೂ ಹುಟ್ಟಿರುವುದಿಲ್ಲ. ಹುಡುಕಿದರೆ ಸಿಗುವುದು ನಲ್, ಅಂದರೆ ಏನೂ ಇಲ್ಲ, ಅದಕ್ಕೆ ಕ್ಲಿಕ್ ಜೋಡಿಸಹೋದರೆ ದೋಷ. ಆ ಸ್ಕ್ರಿಪ್ಟಿನ ಮುಂದಿನ ಸಾಲುಗಳೂ ಅಲ್ಲಿಗೇ ನಿಲ್ಲುತ್ತವೆ, ಸಂಬಂಧವೇ ಇಲ್ಲದ ಮೆನು ಕೂಡ ಕೆಲಸ ಬಿಡುತ್ತದೆ. ಸ್ಕ್ರಿಪ್ಟನ್ನು ಬೇರೆ ಕಡತದಲ್ಲಿಟ್ಟು ಅದನ್ನು ಕರೆಯುವ ಟ್ಯಾಗಿಗೆ ಡಿಫರ್ ಸೇರಿಸಿದರೆ ಪುಟ ಪೂರ್ತಿ ಓದಿದ ಮೇಲೆ ಓಡುತ್ತದೆ.

ಕೂಗದೆ ಕೆಡಿಸುವ ತಪ್ಪುಗಳು ಇಲ್ಲೂ ಇವೆ. ಇನ್‌ಪುಟ್‌ನಿಂದ ತೆಗೆದ ಮೌಲ್ಯ ಸಂಖ್ಯೆಯಂತೆ ಕಂಡರೂ ಅದು ಪಠ್ಯ, 5ಕ್ಕೆ 3 ಕೂಡಿಸಿದರೆ 53. ಸಂಖ್ಯೆಗಳ ಪಟ್ಟಿಗೆ ಬರೀ ಸಾರ್ಟ್ ಎಂದರೆ 10, 9, 1 ಇದ್ದದ್ದು 1, 10, 9 ಆಗುತ್ತದೆ, ಏಕೆಂದರೆ ಅದು ಪಠ್ಯವೆಂದೇ ಹೋಲಿಸುತ್ತದೆ. ಮಾಹಿತಿ ತರಲು ಫೆಚ್ ಮಾಡಿದ ವಿಳಾಸದಲ್ಲಿ, ಸಿಗಲಿಲ್ಲ ಎನ್ನುವ 404 ಬಂದರೂ ಫೆಚ್ ಅದನ್ನು ಸೋಲೆಂದು ಪರಿಗಣಿಸುವುದಿಲ್ಲ. ಉತ್ತರದ ಓಕೆ ಎಂಬ ಗುಣ ನಿಜವೇ ಎಂದು ನೀವೇ ನೋಡಬೇಕು.

ಸಿದ್ಧ ಕೋಡಿನ ಚೌಕಟ್ಟಾದ ಫ್ರೇಮ್‌ವರ್ಕ್ ಯಾವಾಗ ಕಲಿಯಬೇಕು ಎಂದು ಕೇಳುವವರಿಗೆ ನನ್ನ ಉತ್ತರ: ಮೆನು, ಕಾರ್ಡುಗಳ ಜೋಡಣೆ, ಪರಿಶೀಲನೆಯಿರುವ ಒಂದು ಫಾರಂ, ಇವನ್ನು ಬರಿಯ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್‌ಗಳಲ್ಲಿ ವಿಡಿಯೋ ನೋಡದೆ ಕಟ್ಟಲು ಬಂದ ಮೇಲೆ. ವಿಡಿಯೋ ನೋಡುತ್ತ ಬರೆದ ಕೋಡು ಕೈಗೆ ಬಂದಂತೆ ಅನ್ನಿಸುತ್ತದೆ. ಮರುದಿನ ಖಾಲಿ ಕಡತದಿಂದ ಅದನ್ನೇ ಕಟ್ಟಲು ಕೂತರೆ ಎಷ್ಟು ಬಂದಿದೆ ಎಂಬುದು ತಿಳಿಯುತ್ತದೆ. ಎಐ ಬರೆದುಕೊಟ್ಟ ಕೋಡಿಗೂ ಈ ಮಾತು ಸಲ್ಲುತ್ತದೆ, ಬಹುಶಃ ಹೆಚ್ಚಾಗಿಯೇ. ಪುಟ ಚೆನ್ನಾಗಿ ಕಂಡಿತು ಎಂಬುದು ಕೋಡು ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ, ಬ್ರೌಸರ್ ಏನನ್ನು ಕೊಟ್ಟರೂ ಚೆನ್ನಾಗಿ ಕಾಣಿಸಬಲ್ಲದು. ಲೇಬಲ್ ಇದೆಯೇ, ಟ್ಯಾಬ್ ಓಡುತ್ತದೆಯೇ, 320ರಲ್ಲಿ ನಿಲ್ಲುತ್ತದೆಯೇ ಎಂದು ಕೇಳಲು ಬರುವವರಿಗೆ ಮಾತ್ರ ಎಐ ಉಪಯೋಗದ ಸಾಧನ.

ಕೊನೆಗೆ ಪುಟವನ್ನು ಸರ್ವರಿಗೆ ಏರಿಸುವಾಗ ಇನ್ನೊಂದು ಸುತ್ತು ತೊಂದರೆ. ಮನೆಯಲ್ಲಿ ಕಾಣುತ್ತಿದ್ದ ಚಿತ್ರ ಅಲ್ಲಿ ಕಾಣುವುದಿಲ್ಲ. ವಿಂಡೋಸ್ ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಒಂದೇ ಎನ್ನುತ್ತದೆ, ಲಿನಕ್ಸ್ ಸರ್ವರ್ ಬೇರೆ ಬೇರೆ ಎನ್ನುತ್ತದೆ. ಕ್ಯಾಮೆರಾ ಕೊಟ್ಟ ದೊಡ್ಡಕ್ಷರದ ಜೆಪಿಜಿ, ಕೋಡಿನಲ್ಲಿ ಚಿಕ್ಕಕ್ಷರದಲ್ಲಿದ್ದರೆ 404. ಪುಟಗಳನ್ನು ಪ್ರಕಟಿಸುವ ತಾಣವಾದ ಗಿಟ್‌ಹಬ್ ಪೇಜಸ್‌ನಲ್ಲಿ ಪ್ರಾಜೆಕ್ಟ್ ಪುಟ ಒಂದು ಒಳಫೋಲ್ಡರಿನಲ್ಲಿ ಇರುವುದರಿಂದ, ಸ್ಲ್ಯಾಶ್‌ನಿಂದ ಶುರುವಾಗುವ ದಾರಿ ಆ ಫೋಲ್ಡರನ್ನು ಬಿಟ್ಟು ಸೈಟಿನ ಬುಡಕ್ಕೇ ಹೋಗಿ ಸಿಎಸ್‌ಎಸ್ ಸಿಗದೆ ಪುಟ ಬೆತ್ತಲಾಗಿ ಬರುತ್ತದೆ. ಸರಿಪಡಿಸಿದ ಮೇಲೂ ಹಳೆಯದೇ ಕಂಡರೆ ಕಾರಣ ಕ್ಯಾಶೆ, ಅಂದರೆ ಬ್ರೌಸರ್ ಕೂಡಿಟ್ಟುಕೊಂಡ ಹಳೆಯ ಪ್ರತಿ. ನೆಟ್‌ವರ್ಕ್ ವಿಭಾಗದಲ್ಲಿ ಡಿಸೇಬಲ್ ಕ್ಯಾಶೆ ಗುರುತು ಹಾಕಿ, ಡೆವ್ ಟೂಲ್ಸ್ (ಎಫ್12 ಒತ್ತಿದಾಗ ಬರುವ ಫಲಕ) ತೆರೆದಿಟ್ಟುಕೊಂಡೇ ಮತ್ತೆ ಲೋಡ್ ಮಾಡಿ. ಮುಚ್ಚಿದರೆ ಆ ಗುರುತಿಗೆ ಬಲವಿಲ್ಲ.

ಹೆಸರಿನ ದೊಡ್ಡಕ್ಷರವನ್ನು ವಿಂಡೋಸ್‌ನಲ್ಲಿ ಚಿಕ್ಕಕ್ಷರ ಮಾಡಿ ಕಮಿಟ್ ಮಾಡಹೋದರೆ, ಏನೂ ಬದಲಾಗಿಲ್ಲ ಎಂದು ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಸುಮ್ಮನಿರಬಹುದು. ಅಲ್ಲಿ ಅದರ ಮೂಲ ಹೊಂದಾಣಿಕೆಯೇ ಈ ವ್ಯತ್ಯಾಸವನ್ನು ಲೆಕ್ಕಿಸದಂತಿದೆ. ಗಿಟ್ ಎಂವಿ ಆದೇಶದಿಂದ ಹೆಸರು ಬದಲಿಸಿ, ಕಮಿಟ್ ಮಾಡಿ, ಪುಶ್ ಮಾಡಿ, ನೆಟ್‌ವರ್ಕ್ ಪಟ್ಟಿಯಲ್ಲಿ ಆ ಚಿತ್ರದ ಎದುರು, ಸಿಕ್ಕಿತು ಎನ್ನುವ 200 ಬಂದಿದೆಯೇ ನೋಡಿ.